ಡಬ್ಬಿ ಹಾಗೇ ವಾಪಸ್ ಬಂದಾಗ: ಎಡಿಎಚ್‌ಡಿ ಇರುವ ಮಕ್ಕಳ ಊಟದ ವಿಚಾರ

ನಮ್ಮಕ್ಕನ ಮಗನಿಗೆ ಈಗ ಒಂಬತ್ತು ವರ್ಷ. ಏಳು ತುಂಬಿದಾಗ ಅವನಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲಿಸಲು, ಸುಮ್ಮನೆ ಕೂರಲು ಕಷ್ಟವಾಗುವ ತೊಂದರೆ ಇದೆ ಎಂದು ಡಾಕ್ಟರು ಹೇಳಿದರು. ಅಲ್ಲಿಂದಾಚೆ ಮನೆಗೆ ಬಂದವರೆಲ್ಲ ಕಾಫಿ ಕುಡಿದು, ಒಂದು ಸಲಹೆ ಕೊಟ್ಟೇ ಹೋಗುತ್ತಾರೆ. ಸಕ್ಕರೆ ಮುಟ್ಟಿಸಬೇಡಿ. ಹಾಲು, ಗೋಧಿ ಎರಡೂ ಬಿಡಿಸಿ ನೋಡಿ. ಮೀನೆಣ್ಣೆ ಮಾತ್ರೆ ಕೊಡಿ, ನಮ್ಮ ಪಕ್ಕದ ಮನೆ ಹುಡುಗ ಒಂದೇ ತಿಂಗಳಲ್ಲಿ ಸರಿಹೋದ. ದಿನಾ ಒಂದೆಲಗದ ತಂಬುಳಿ ಮಾಡಿ. ಅಕ್ಕನ ಅತ್ತೆಯದು ಬೇರೆಯೇ ವರಸೆ: "ಅದೆಂಥ ಕಾಯಿಲೆ? ಗಂಡುಹುಡುಗ ಅಂದ್ಮೇಲೆ ಕುಣಿಯಲ್ವಾ?"

ಇಷ್ಟೆಲ್ಲ ಗದ್ದಲದಲ್ಲಿ ಯಾರ ಕಣ್ಣಿಗೂ ಬೀಳದ್ದು ಅಡುಗೆಮನೆಯ ಸಿಂಕಿನಲ್ಲಿ ಕೂತಿರುತ್ತಿತ್ತು. ಅವನ ಟಿಫನ್ ಡಬ್ಬಿ. ತೆರೆದರೆ ಚಪಾತಿ ರೋಲಿನ ಒಂದು ತುದಿ ಮಾತ್ರ ಕಚ್ಚಿರುತ್ತಿದ್ದ. ಸೌತೆಕಾಯಿ ಹೋಳು ನೀರು ಬಿಟ್ಟುಕೊಂಡು ಹಾಗೇ ಇರುತ್ತಿತ್ತು. ಆ ಡಬ್ಬಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಸಲಹೆಗಳನ್ನು ಒಂದೊಂದಾಗಿ ನೋಡೋಣ. ಯಾವುದರಲ್ಲಿ ಹುರುಳಿದೆ, ಯಾವುದು ಬರೀ ಮಾತು ಅಂತ.

ಎಡಿಎಚ್‌ಡಿ ಎಂದರೆ ಮಿದುಳು ಬೆಳೆಯುವ ರೀತಿಯಲ್ಲೇ ಇರುವ ಒಂದು ವ್ಯತ್ಯಾಸ. ಗಮನ ಒಂದು ಕಡೆ ನಿಲ್ಲುವುದಿಲ್ಲ, ಮೈ ಸುಮ್ಮನಿರುವುದಿಲ್ಲ, ತಡೆದುಕೊಳ್ಳುವುದು ಕಷ್ಟ. ಕೆಲವು ಮಕ್ಕಳಲ್ಲಿ ಕುಣಿತ ಇರುವುದೇ ಇಲ್ಲ. ಕಿಟಕಿಯಾಚೆ ನೋಡುತ್ತಾ ಕೂತುಬಿಡುತ್ತಾರೆ, ಅಷ್ಟೇ. ಜಗತ್ತಿನಾದ್ಯಂತ ನೂರಕ್ಕೆ ಸುಮಾರು ಐದು ಮಕ್ಕಳಲ್ಲಿ ಇದು ಕಾಣುತ್ತದೆ. ಅವಳಿ ಮಕ್ಕಳನ್ನು ಇಟ್ಟುಕೊಂಡು ಮಾಡಿದ ಅಧ್ಯಯನಗಳ ಪ್ರಕಾರ ಮಗುವಿಂದ ಮಗುವಿಗೆ ಕಾಣುವ ವ್ಯತ್ಯಾಸದಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಜಾಸ್ತಿ ಪಾಲು ವಂಶವಾಹಿಯದು. ಅಂದರೆ ನೀವು ಕೊಟ್ಟ ಬಿಸ್ಕತ್ತಿನಿಂದ ಇದು ಬಂದಿಲ್ಲ. ಈ ಮಾತನ್ನು ನಮ್ಮಕ್ಕನಿಗೆ ಯಾರಾದರೂ ಮೊದಲ ದಿನವೇ ಹೇಳಬೇಕಿತ್ತು.

ಈಗ ಸಕ್ಕರೆ. ಹುಟ್ಟುಹಬ್ಬದ ಮನೆ ನೆನಪಿಸಿಕೊಳ್ಳಿ. ಕೇಕ್ ಕತ್ತರಿಸಿದ್ದಾಯಿತು, ಬಲೂನು ಒಡೆಯಿತು, ಹತ್ತು ಮಕ್ಕಳು ಸೋಫಾದಿಂದ ಸೋಫಾಕ್ಕೆ ಹಾರುತ್ತಿದ್ದಾರೆ. "ಸಕ್ಕರೆ ತಲೆಗೇರಿದೆ" ಎಂದು ಯಾರೋ ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಆದರೆ ಕೇಕ್ ಇಲ್ಲದೆ ಹತ್ತು ಮಕ್ಕಳನ್ನು ಬಲೂನು, ಹಾಡು, ಗದ್ದಲದ ನಡುವೆ ಬಿಟ್ಟರೆ ಅವರು ಕೈಕಟ್ಟಿ ಕೂರುತ್ತಾರಾ?

1994ರಲ್ಲಿ ಅಮೆರಿಕದಲ್ಲಿ ಒಂದು ಜಾಣ ಪ್ರಯೋಗ ನಡೆಯಿತು. "ನಮ್ಮ ಹುಡುಗನಿಗೆ ಸಕ್ಕರೆ ಆಗಿಬರಲ್ಲ" ಎಂದು ನಂಬಿದ್ದ ಮೂವತ್ತಕ್ಕೂ ಹೆಚ್ಚು ತಾಯಂದಿರು ಮತ್ತು ಅವರ ಐದರಿಂದ ಏಳು ವರ್ಷದ ಗಂಡುಮಕ್ಕಳನ್ನು ಕರೆಸಿದರು. ಅರ್ಧದಷ್ಟು ತಾಯಂದಿರಿಗೆ "ನಿಮ್ಮ ಮಗನಿಗೆ ತುಂಬಾ ಸಕ್ಕರೆ ಕೊಟ್ಟಿದ್ದೇವೆ" ಎಂದು ಹೇಳಿದರು. ನಿಜಕ್ಕೂ ಯಾವ ಮಗುವಿಗೂ ಸಕ್ಕರೆ ಕೊಟ್ಟಿರಲಿಲ್ಲ. ಎಲ್ಲರಿಗೂ ಕೊಟ್ಟಿದ್ದು ಆಸ್ಪರ್ಟೇಮ್ ಎಂಬ ಕೃತಕ ಸಿಹಿ. ಆಮೇಲೆ ತಾಯಿ ಮಗ ಒಟ್ಟಿಗೆ ಆಡುವುದನ್ನು ಗಮನಿಸಿದರು. ಸಕ್ಕರೆ ಕೊಟ್ಟಿದ್ದಾರೆ ಎಂದುಕೊಂಡ ತಾಯಂದಿರು ಮಗ ವಿಪರೀತ ಚಟುವಟಿಕೆಯಲ್ಲಿದ್ದಾನೆ ಎಂದರು. ಅವನ ಬೆನ್ನಿಗೇ ನಿಂತರು, ತಪ್ಪು ತೋರಿಸುವುದೂ ಜಾಸ್ತಿ ಇತ್ತು. ಹುಡುಗ ಅದೇ ಹುಡುಗ, ಅಮ್ಮನ ಕಣ್ಣು ಬೇರೆಯಾಗಿತ್ತು. ಮರುವರ್ಷ 23 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದಾಗಲೂ ಸಕ್ಕರೆಯಿಂದ ಮಕ್ಕಳ ವರ್ತನೆಯಾಗಲಿ ಗಮನವಾಗಲಿ ಕೆಡುತ್ತದೆ ಎಂದು ಕಾಣಲಿಲ್ಲ. ಹಾಗಂತ ಸಕ್ಕರೆ ಒಳ್ಳೆಯದು ಅಂತೇನಲ್ಲ. ಹಲ್ಲಿಗೆ, ತೂಕಕ್ಕೆ ಅದರ ಕಾಟ ಇದ್ದೇ ಇದೆ. ಜೊತೆಗೆ ಬೆಳಿಗ್ಗೆ ಚಹಾ-ಬಿಸ್ಕತ್ತಿನಲ್ಲಿ ಹೊಟ್ಟೆ ತುಂಬಿಸಿಕೊಂಡ ಮಗು ಮೊಟ್ಟೆ, ಬೇಳೆ ತಿನ್ನಲು ಜಾಗ ಇಟ್ಟುಕೊಂಡಿರುವುದಿಲ್ಲ.

ಬಣ್ಣದ ಕಥೆ ಇಷ್ಟು ಸುಲಭಕ್ಕೆ ಮುಗಿಯುವುದಿಲ್ಲ. ಎಪ್ಪತ್ತರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಅಲರ್ಜಿ ವೈದ್ಯ ಬೆಂಜಮಿನ್ ಫೈನ್‌ಗೋಲ್ಡ್, ಕೃತಕ ಬಣ್ಣ ಮತ್ತು ರುಚಿಕಾರಕಗಳನ್ನು ಬಿಟ್ಟರೆ ಮಕ್ಕಳ ಚಡಪಡಿಕೆ ಇಳಿಯುತ್ತದೆ ಎಂದು ಹೇಳಿದರು. ಪೋಷಕರು ಮುಗಿಬಿದ್ದು ನಂಬಿದರು, ವಿಜ್ಞಾನಿಗಳು ಅಷ್ಟಾಗಿ ನಂಬಲಿಲ್ಲ. 2007ರಲ್ಲಿ ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಮೂರು ವರ್ಷದ 153 ಮತ್ತು ಎಂಟು-ಒಂಬತ್ತು ವರ್ಷದ 144 ಮಕ್ಕಳಿಗೆ ಜ್ಯೂಸ್ ಕೊಟ್ಟು ನೋಡಿದರು. ಕೆಲವು ವಾರ ಬಣ್ಣ ಮತ್ತು ತಿನಿಸು ಕೆಡದಂತೆ ಹಾಕುವ ಸೋಡಿಯಂ ಬೆಂಜೋಯೇಟ್ ಬೆರೆಸಿದ್ದು, ಕೆಲವು ವಾರ ಬೆರೆಸದ್ದು. ಯಾವುದು ಯಾವಾಗ ಎಂದು ಮನೆಯವರಿಗೆ ಗೊತ್ತಿರಲಿಲ್ಲ. ಬಣ್ಣದ ಜ್ಯೂಸ್ ಕುಡಿದ ವಾರಗಳಲ್ಲಿ ಮಕ್ಕಳ ಚಡಪಡಿಕೆ ಸರಾಸರಿಯಲ್ಲಿ ತುಸು ಏರಿತ್ತು. ತುಸು ಮಾತ್ರ. ಎಲ್ಲ ಮಕ್ಕಳಲ್ಲೂ ಅಲ್ಲ. ಇನ್ನೊಂದು ವಿಷಯವನ್ನು ಜನ ಮರೆಯುತ್ತಾರೆ: ಇವರೆಲ್ಲ ಸಾಮಾನ್ಯ ಮಕ್ಕಳು, ಎಡಿಎಚ್‌ಡಿ ಇದೆ ಎಂದು ಆರಿಸಿಕೊಂಡವರಲ್ಲ.

ಇದೇ ಫಲಿತಾಂಶ ಓದಿ ದೇಶದೇಶಗಳು ಬೇರೆ ಬೇರೆ ದಾರಿ ಹಿಡಿದವು. ಆ ಪ್ರಯೋಗದಲ್ಲಿ ಬಳಸಿದ ಆರು ಬಣ್ಣಗಳಿರುವ ತಿನಿಸಿನ ಮೇಲೆ "ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಕೆಟ್ಟ ಪರಿಣಾಮ ಬೀರಬಹುದು" ಎಂದು ಬರೆಯಲೇಬೇಕು ಎಂಬ ನಿಯಮ ಯುರೋಪಿನಲ್ಲಿ 2010ರ ಜುಲೈನಿಂದ ಜಾರಿಯಾಯಿತು. ಅಮೆರಿಕದಲ್ಲಿ 2011ರಲ್ಲಿ ತಜ್ಞರ ಸಮಿತಿ 8-6 ಮತಗಳಿಂದ ಅಂಥ ಎಚ್ಚರಿಕೆ ಬೇಡ ಎಂದಿತು. ಅದೇ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಆರು ಕೃತಕ ಬಣ್ಣಗಳನ್ನು ಶಾಲೆಯ ಊಟದಿಂದ ಹೊರಗಿಡುವ ಕಾನೂನು ಮಾಡಿತು.

ನಮ್ಮಲ್ಲಿ? ಸೌತಾಂಪ್ಟನ್ನಿನವರು ನೋಡಿದ ಆರು ಬಣ್ಣಗಳಲ್ಲಿ ನಾಲ್ಕಕ್ಕೆ ಭಾರತದಲ್ಲೂ ಅನುಮತಿ ಇದೆ. ಇಂತಿಂಥ ತಿನಿಸಿಗೆ, ಇಷ್ಟೇ ಪ್ರಮಾಣ ಎಂಬ ಕಟ್ಟುಪಾಡಿನೊಂದಿಗೆ. ಅಂಗಡಿಯಲ್ಲಿ ಪೊಟ್ಟಣ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. 102 ಎಂದಿದ್ದರೆ ಟಾರ್ಟ್ರಜೀನ್, ನಿಂಬೆಹಳದಿ ಬಣ್ಣ. 110 ಸನ್‌ಸೆಟ್ ಯೆಲ್ಲೋ, ಕಿತ್ತಳೆ. 122 ಕಾರ್ಮೋಸಿನ್, 124 ಪಾನ್ಸೋ, ಎರಡೂ ಕೆಂಪು. 211 ಎಂದರೆ ಸೋಡಿಯಂ ಬೆಂಜೋಯೇಟ್. ಈ ಐದು ಸಂಖ್ಯೆ ನೆನಪಿದ್ದರೆ ಸಾಕು. ನಾನು ಬರೆದು ಅಕ್ಕನ ಫ್ರಿಜ್ಜಿಗೆ ಅಂಟಿಸಿದ್ದೇನೆ.

ಪೊಟ್ಟಣಕ್ಕಿಂತ ದೊಡ್ಡ ತಲೆನೋವು ಅದೇ ಇಲ್ಲದ ತಿನಿಸಿನದು. ತಳ್ಳುಗಾಡಿಯ ಗೋಬಿಗೆ ಲೇಬಲ್ ಎಲ್ಲಿಂದ ಬರಬೇಕು? 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಯ 171 ಸ್ಯಾಂಪಲ್ ಪರೀಕ್ಷೆ ಮಾಡಿಸಿದಾಗ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತು. ಗೋಬಿಗೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಹಾಕಬಾರದು ಎಂದು ಆದೇಶ ಬಂತು, ಜೂನ್‌ನಲ್ಲಿ ಕಬಾಬಿಗೂ ಬಂತು. ಮಿಠಾಯಿಯಲ್ಲಿ ಸಿಕ್ಕ ರೋಡಮಿನ್-ಬಿ ಅಂತೂ ಬಟ್ಟೆಗೆ ಹಾಕುವ ಬಣ್ಣ, ತಿನ್ನುವ ವಸ್ತುವೇ ಅಲ್ಲ. ಅದಕ್ಕೂ ಎಡಿಎಚ್‌ಡಿಗೂ ಸಂಬಂಧ ಇರಲಿ ಬಿಡಲಿ, ಯಾವ ಮಗುವಿನ ಹೊಟ್ಟೆಗೂ ಹೋಗಬಾರದು.

ಹಾಗಾದರೆ ಏನು ಮಾಡಬೇಕು? ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ನನಗೆ ಹಿಡಿಸಿತು. ಎಲ್ಲ ಮಕ್ಕಳಿಗೂ ಬಣ್ಣ ಬಿಡಿಸುವುದನ್ನು ಚಿಕಿತ್ಸೆ ಎಂದು ಹೇಳಬೇಡಿ, ಆದರೆ ಇಂಥದ್ದು ತಿಂದರೆ ಮಗು ಹೀಗಾಡುತ್ತದೆ ಎಂದು ಮನೆಯವರಿಗೆ ಅನಿಸಿದರೆ ಡೈರಿ ಇಡಲು ಹೇಳಿ ಎನ್ನುತ್ತದೆ ಅದು. ಏನು ತಿಂದ, ಎಷ್ಟು ಹೊತ್ತಿಗೆ, ಆಮೇಲೆ ಹೇಗಿದ್ದ. ಅಕ್ಕ ಮೂರು ವಾರ ಬರೆದಳು. ಬಣ್ಣಕ್ಕೂ ಅವನ ಕುಣಿತಕ್ಕೂ ತಾಳೆ ಬೀಳಲಿಲ್ಲ. ಆದರೆ ಡೈರಿಯಲ್ಲಿ ಬೇರೊಂದು ಕಂಡಿತು: ಮಧ್ಯಾಹ್ನದ ಸಾಲು ದಿನಾ ಖಾಲಿ.

ಹಾಲು, ಗೋಧಿ ಬಿಡಿಸುವ ಸಲಹೆಗೆ ಬಲ ಬಂದದ್ದು ನೆದರ್ಲೆಂಡ್ಸ್‌ನಿಂದ. ಅಲ್ಲಿ ಮತ್ತು ಬೆಲ್ಜಿಯಂನಲ್ಲಿ 100 ಮಕ್ಕಳ ಮೇಲೆ ನಡೆದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಅರ್ಧ ಮಕ್ಕಳಿಗೆ ಐದು ವಾರ ಅನ್ನ, ಮಾಂಸ, ತರಕಾರಿ, ಪೇರ್ ಹಣ್ಣು, ನೀರು, ಹೆಚ್ಚುಕಡಿಮೆ ಇಷ್ಟೇ ಊಟ. ಆ 50 ಮಕ್ಕಳಲ್ಲಿ 32 ಮಂದಿ ಗಣನೀಯವಾಗಿ ಸುಧಾರಿಸಿದರು ಎಂದು ಫಲಿತಾಂಶ ಬಂದಾಗ ದೊಡ್ಡ ಸುದ್ದಿಯಾಯಿತು. ತೊಡಕು ಏನೆಂದರೆ, ಯಾವ ಮಗು ಪಥ್ಯದಲ್ಲಿದೆ ಎಂದು ಅಪ್ಪ ಅಮ್ಮನಿಗೆ ಗೊತ್ತಿತ್ತು. ಸಕ್ಕರೆಯ ಪ್ರಯೋಗದ ತಾಯಂದಿರನ್ನು ನೆನೆಸಿಕೊಳ್ಳಿ. ಆಮೇಲೆ ನೆದರ್ಲೆಂಡ್ಸ್‌ನಲ್ಲೇ 165 ಮಕ್ಕಳ ಮೇಲೆ ಇನ್ನೊಂದು ಪ್ರಯೋಗ ನಡೆಯಿತು. ಈ ಕಠಿಣ ಪಥ್ಯದ ಎದುರು ಮಾಮೂಲಿ ಪೌಷ್ಟಿಕ ಊಟವನ್ನು ಇಟ್ಟು ನೋಡಿದರು. ಪಥ್ಯದವರಲ್ಲಿ ನೂರಕ್ಕೆ 35 ಮಕ್ಕಳು ಸುಧಾರಿಸಿದರೆ, ಮಾಮೂಲಿ ಒಳ್ಳೆಯ ಊಟದವರಲ್ಲಿ 51 ಮಕ್ಕಳು! ಮೊದಲೇ ನಾಲ್ಕು ಐಟಂ ಬಿಟ್ಟರೆ ಬೇರೆ ಮುಟ್ಟದ ಮಗುವಿಗೆ ಹಾಲು, ಮೊಸರು, ಚಪಾತಿ ಎಲ್ಲ ಕಿತ್ತುಕೊಂಡರೆ ಉಳಿಯುವುದೇನು? ಆಹಾರ ತಜ್ಞರ ನಿಗಾ ಇಲ್ಲದೆ ಇದಕ್ಕೆ ಕೈ ಹಾಕಲೇಬೇಡಿ ಎನ್ನುತ್ತೇನೆ.

ಯಾರೂ ಕೊಡದ ಸಲಹೆ ಒಂದಿತ್ತು: ಕಬ್ಬಿಣದಂಶ ಪರೀಕ್ಷೆ ಮಾಡಿಸಿ. ನನ್ನ ಲೆಕ್ಕದಲ್ಲಿ ನಮ್ಮ ಕಡೆಯ ಮಕ್ಕಳಿಗೆ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಇದೇ.

ಕಬ್ಬಿಣ ಎಂದ ಕೂಡಲೇ ನಮಗೆ ರಕ್ತ ನೆನಪಾಗುತ್ತದೆ. ಮಿದುಳಿಗೂ ಅದು ಬೇಕು. ಗಮನ ಹಿಡಿದಿಡಲು ನೆರವಾಗುವ ಡೋಪಮಿನ್ ಎಂಬ ರಾಸಾಯನಿಕ ತಯಾರಾಗಲು ಒಂದು ಕಿಣ್ವ ಬೇಕು, ಆ ಕಿಣ್ವ ಕೆಲಸ ಮಾಡಲು ಕಬ್ಬಿಣ ಬೇಕು. 2004ರಲ್ಲಿ ಫ್ರಾನ್ಸಿನ ವೈದ್ಯರು ಎಡಿಎಚ್‌ಡಿ ಇರುವ 53 ಮಕ್ಕಳನ್ನೂ ಇಲ್ಲದ 27 ಮಕ್ಕಳನ್ನೂ ಪರೀಕ್ಷಿಸಿದರು. ಅವರು ಅಳೆದದ್ದು ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಎಡಿಎಚ್‌ಡಿ ಮಕ್ಕಳಲ್ಲಿ ಸರಾಸರಿ 23 ಇತ್ತು, ಉಳಿದವರಲ್ಲಿ 44. ಅದೇ ತಂಡ ಮುಂದೆ ಫೆರಿಟಿನ್ ಕಡಿಮೆ ಇದ್ದ 23 ಮಕ್ಕಳಲ್ಲಿ ಹೆಚ್ಚಿನವರಿಗೆ 12 ವಾರ ಕಬ್ಬಿಣದ ಮಾತ್ರೆ, ಉಳಿದ ಕೆಲವರಿಗೆ ಔಷಧಿಯೇ ಇಲ್ಲದ ಹುಸಿ ಮಾತ್ರೆ ಕೊಟ್ಟು ನೋಡಿತು. ಒಂದು ಅಳತೆಗೋಲಿನಲ್ಲಿ ಸುಧಾರಣೆ ಕಂಡಿತು, ಇನ್ನೊಂದರಲ್ಲಿ ಖಚಿತವಾಗಲಿಲ್ಲ. 23 ಮಕ್ಕಳ ಪ್ರಯೋಗ ತೀರಾ ಸಣ್ಣದು. ಆದ್ದರಿಂದ ಕಬ್ಬಿಣ ಕೊಟ್ಟರೆ ಎಡಿಎಚ್‌ಡಿ ಹೋಗುತ್ತದೆ ಎನ್ನಲಾಗದು. ಆದರೆ ಕಬ್ಬಿಣ ಕಮ್ಮಿ ಇದ್ದರೆ ಯಾವ ಮಗುವಾದರೂ ಸುಸ್ತಾಗುತ್ತದೆ, ಸಿಡುಕುತ್ತದೆ, ಪಾಠದಲ್ಲಿ ಮನಸ್ಸು ನಿಲ್ಲುವುದಿಲ್ಲ. ಮೊದಲೇ ಗಮನದ ಕಷ್ಟ ಇರುವ ಮಗುವಿಗೆ ಇದು ಗಾಯದ ಮೇಲೆ ಬರೆ.

ನಮ್ಮ ಪರಿಸ್ಥಿತಿ ಹೇಗಿದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5 ಮಂದಿಗೆ ರಕ್ತಹೀನತೆ. ಹಿಂದಿನ ಸಮೀಕ್ಷೆಯಲ್ಲಿ 60.9 ಇತ್ತು. ಅಂದರೆ ಏರಿದೆ. ಎಲ್ಲವೂ ಕಬ್ಬಿಣದ ಕೊರತೆಯಿಂದಲೇ ಬಂದದ್ದಲ್ಲ, ಆದರೆ ದೊಡ್ಡ ಪಾಲು ಅದರದು. ಇನ್ನೊಂದು ಸೂಕ್ಷ್ಮ ಇದೆ. ಹಿಮೋಗ್ಲೋಬಿನ್ ಸರಿ ಇದ್ದರೂ ಕೂಡಿಟ್ಟ ಕಬ್ಬಿಣ ಖಾಲಿಯಾಗಿರಬಹುದು. ಸಂಬಳ ಬರುತ್ತಿದೆ, ಬ್ಯಾಂಕಿನಲ್ಲಿ ದುಡ್ಡಿಲ್ಲ ಅಂತಾರಲ್ಲ, ಹಾಗೆ. ಅದಕ್ಕೇ ಫೆರಿಟಿನ್ ಕೂಡ ನೋಡಬೇಕಾ ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಮಗುವಿಗೆ ಜ್ವರ ಇದ್ದಾಗ ಮಾಡಿಸಬೇಡಿ. ಸೋಂಕಿದ್ದಾಗ ಫೆರಿಟಿನ್ ಸುಳ್ಳೇ ಜಾಸ್ತಿ ತೋರಿಸುತ್ತದೆ. ಪರೀಕ್ಷೆ ಇಲ್ಲದೆ ಮೆಡಿಕಲ್ ಶಾಪಿನಿಂದ ಟಾನಿಕ್ ತಂದು ಕುಡಿಸಲೂಬೇಡಿ. ಕಬ್ಬಿಣ ಮಿತಿಮೀರಿದರೆ ವಿಷ.

ಅಡುಗೆಮನೆಯಲ್ಲಿ ಮಾಡಬಹುದಾದ್ದು ಬೇಕಾದಷ್ಟಿದೆ. ರಾಗಿಯಲ್ಲಿ ಕಬ್ಬಿಣ ಇದೆ, ಆದರೆ ಅದನ್ನು ಬಿಗಿಹಿಡಿದಿಡುವ ಫೈಟೇಟ್ ಕೂಡ ಇದೆ. ಮೊಳಕೆ ಬರಿಸಿ ಒಣಗಿಸಿ ಬೀಸಿದರೆ ಆ ಬಿಗಿ ಸಡಿಲಾಗುತ್ತದೆ. ನಮ್ಮಜ್ಜಿಯರು ಕೂಸಿಗೆ ರಾಗಿ ಸರಿ ಮಾಡುತ್ತಿದ್ದದ್ದು ಹೀಗೇ ಅಲ್ವಾ? ಹುರುಳಿಕಾಳಿಗೂ ಅದೇ ಮಾತು, ಮೊಳಕೆ ಕಟ್ಟಿ ಸಾರು ಮಾಡಿ. ನುಗ್ಗೆಸೊಪ್ಪಿನ ಪಲ್ಯಕ್ಕೆ ಕೊನೆಗೆ ನಿಂಬೆ ಹಿಂಡಿ; ವಿಟಮಿನ್ ಸಿ ಇದ್ದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಕಾಫಿ-ಚಹಾ ಇದಕ್ಕೆ ಉಲ್ಟಾ. ತಿಂಡಿಯ ಜೊತೆಗೇ ಮಗುವಿಗೆ ಅರ್ಧ ಲೋಟ ಚಹಾ ಕೊಡುವ ಮನೆಗಳು ಎಷ್ಟಿಲ್ಲ! ಹಾಲೂ ಅಷ್ಟೇ, ದಿನಕ್ಕೆ ನಾಲ್ಕೈದು ಲೋಟ ಕುಡಿದು ಊಟ ಬಿಡುವ ಮಕ್ಕಳಲ್ಲಿ ಕಬ್ಬಿಣ ಇಳಿಯುತ್ತದೆ. ಹೊಟ್ಟೆಯಲ್ಲಿ ಕೊಕ್ಕೆಹುಳ ಇದ್ದರಂತೂ ಅದು ರಕ್ತ ಹೀರಿ ಕಬ್ಬಿಣ ಇಳಿಸುತ್ತದೆ. ಶಾಲೆ, ಅಂಗನವಾಡಿಯಲ್ಲಿ ಕೊಡುವ ಜಂತುಹುಳದ ಮಾತ್ರೆಯನ್ನು ತಪ್ಪಿಸಬೇಡಿ.

ಸತುವಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟರ್ಕಿ, ಇರಾನ್‌ಗಳಲ್ಲಿ ಮಾತ್ರೆ ಕೊಟ್ಟಾಗ ಸ್ವಲ್ಪ ಉಪಯೋಗ ಕಂಡಿತು, ಅಮೆರಿಕದಲ್ಲಿ ಕಾಣಲಿಲ್ಲ.

ಮೀನೆಣ್ಣೆಯ ವಿಷಯ ಕೇಳಿ. 2011ರಲ್ಲಿ ಹತ್ತು ಪ್ರಯೋಗಗಳ 699 ಮಕ್ಕಳ ಲೆಕ್ಕ ಒಟ್ಟು ಹಾಕಿದಾಗ ಅದರಲ್ಲಿರುವ ಒಮೇಗಾ-3 ಎಂಬ ಕೊಬ್ಬಿನಂಶದಿಂದ ಸಣ್ಣ ಉಪಯೋಗ ಕಂಡಿತು, ಔಷಧಿಗಿಂತ ಎಷ್ಟೋ ಕಡಿಮೆ. 2023ರಲ್ಲಿ 37 ಪ್ರಯೋಗಗಳನ್ನು ಸೋಸಿ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸವೇ ಉಳಿಯಲಿಲ್ಲ. ಕುತೂಹಲದ ಪ್ರಯೋಗ ಒಂದಿದೆ. 2019ರಲ್ಲಿ ಪ್ರಕಟವಾದದ್ದು, ಲಂಡನ್ ಮತ್ತು ತೈವಾನಿನ ವೈದ್ಯರು ಸೇರಿ 92 ಮಕ್ಕಳ ಮೇಲೆ ಮಾಡಿದ್ದು. ರಕ್ತದಲ್ಲಿ ಇಪಿಎ ಎಂಬ ಒಮೇಗಾ-3 ಮೊದಲೇ ಕಡಿಮೆ ಇದ್ದ ಮಕ್ಕಳಿಗೆ ಮಾತ್ರೆಯಿಂದ ಗಮನ ಸುಧಾರಿಸಿತು. ಮೊದಲೇ ಜಾಸ್ತಿ ಇದ್ದವರಲ್ಲಿ ದುಡುಕುತನದ ವಿಷಯದಲ್ಲಿ ಹುಸಿ ಮಾತ್ರೆಯೇ ವಾಸಿ ಎನ್ನುವಂತಾಯಿತು. ಕಬ್ಬಿಣದ ಕಥೆಯೂ ಇದೇ ತಾನೆ? ಕೊರತೆ ಇದ್ದವರಿಗೆ ತುಂಬಿದರೆ ಲಾಭ, ತುಂಬಿದ ಕೊಡಕ್ಕೆ ಇನ್ನಷ್ಟು ಸುರಿದರೆ ಇಲ್ಲ. ಮಂಗಳೂರು, ಉಡುಪಿ, ಕಾರವಾರದ ಮನೆಗಳಲ್ಲಿ ವಾರಕ್ಕೆ ಎರಡು ಸಲ ಬೂತಾಯಿ, ಬಂಗುಡೆ ಸಾರಾದರೆ ಮಾತ್ರೆಯ ಡಬ್ಬಿಗೆ ದುಡ್ಡು ಸುರಿಯುವ ಅಗತ್ಯ ನನಗಂತೂ ಕಾಣುವುದಿಲ್ಲ. ಮೀನು ತಿನ್ನದವರಿಗೆ ಉತ್ತರ ಕರ್ನಾಟಕದ ಅಗಸಿ ಚಟ್ನಿಪುಡಿ ಇದೆ. ಅದರಲ್ಲಿರುವ ಒಮೇಗಾ-3 ಬೇರೆ ಬಗೆಯದು, ಮೈಯಲ್ಲಿ ಇಪಿಎ ಆಗಿ ಬದಲಾಗುವುದು ಸ್ವಲ್ಪವೇ. ಆದರೂ ಬಿಸಿ ರೊಟ್ಟಿಗೆ ಅದಕ್ಕಿಂತ ಒಳ್ಳೆ ಜೋಡಿ ಯಾವುದಿದೆ, ತಿನ್ನಲಿ ಬಿಡಿ.

ಈಗ ಡಬ್ಬಿಗೆ ಬರೋಣ.

ಊಟ ಸರಿ ಇಲ್ಲದ್ದರಿಂದ ಎಡಿಎಚ್‌ಡಿ ಎಂದು ಎಲ್ಲರೂ ಹೇಳುತ್ತಾರೆ. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದವರಿಗೆ ಕಂಡದ್ದು ತಿರುಗುಮುರುಗು. ಆರನೇ ವಯಸ್ಸಿನಲ್ಲಿ ಎಡಿಎಚ್‌ಡಿ ಲಕ್ಷಣ ಜಾಸ್ತಿ ಇದ್ದವರ ಊಟ ಎಂಟನೇ ವಯಸ್ಸಿಗೆ ಕೆಟ್ಟಿತ್ತು. ಎಂಟರಲ್ಲಿ ಊಟ ಹೇಗಿತ್ತು ಎಂಬುದರಿಂದ ಹತ್ತರಲ್ಲಿ ಲಕ್ಷಣ ಏರಲೂ ಇಲ್ಲ, ಇಳಿಯಲೂ ಇಲ್ಲ.

ಯೋಚಿಸಿದರೆ ಅರ್ಥವಾಗುತ್ತದೆ. ಇಪ್ಪತ್ತು ನಿಮಿಷದ ಊಟದ ಬಿಡುವು, ಸುತ್ತ ನಲವತ್ತು ಮಕ್ಕಳ ಗಲಾಟೆ. ಡಬ್ಬಿ ತೆರೆದ, ಗೆಳೆಯ ಏನೋ ಅಂದ, ಎದ್ದು ಓಡಿದ. ಗಂಟೆ ಹೊಡೆಯಿತು. ಹಸಿವಾಗಿದೆ ಎಂಬುದೇ ಆಟದ ನಡುವೆ ಗೊತ್ತಾಗುವುದಿಲ್ಲ. ಕೆಲವರಿಗೆ ಬಾಯಿಗೆ ಲೋಳೆ ತಾಗಿದರೆ ಆಗುವುದಿಲ್ಲ, ಬೆಂಡೆಕಾಯಿ ನೋಡಿದರೇ ಮುಖ ಸಿಂಡರಿಸುತ್ತಾರೆ. ಅದನ್ನು ಹಟ ಎಂದು ಬೈಯುತ್ತೇವೆ.

ಇದರ ಮೇಲೆ ಔಷಧಿ. ಎಡಿಎಚ್‌ಡಿಗೆ ಹೆಚ್ಚಾಗಿ ಕೊಡುವ ಮಿಥೈಲ್‌ಫೆನಿಡೇಟ್ ಹಸಿವನ್ನು ಅಡಗಿಸುತ್ತದೆ. ಬೆಳಿಗ್ಗೆ ನುಂಗಿದರೆ ಮಧ್ಯಾಹ್ನ ಊಟದ ಹೊತ್ತಿಗೆ ಅದರ ಪ್ರಭಾವ ಜೋರಾಗಿರುತ್ತದೆ. ಅಳಿಯನ ಡಬ್ಬಿಯ ರಹಸ್ಯ ಇಷ್ಟೇ. ಮೂರು ವಾರದ ಡೈರಿ ತೋರಿಸಿದಾಗ ಡಾಕ್ಟರು ನಕ್ಕು, "ಮಧ್ಯಾಹ್ನದ ಆಸೆ ಬಿಡಿ, ಎರಡೂ ತುದಿ ಹಿಡ್ಕೊಳ್ಳಿ" ಎಂದರಂತೆ. ಔಷಧಿ ಕೊಡುವ ಮೊದಲೇ ಹೊಟ್ಟೆ ತುಂಬ ತಿಂಡಿ. ಡಬ್ಬಿಗೆ ಎರಡೇ ತುತ್ತಿನದ್ದು, ಆದರೆ ಗಟ್ಟಿಯಾದದ್ದು: ಕಡಲೆಕಾಯಿ ಚಿಕ್ಕಿ, ತುಪ್ಪದ ಸಣ್ಣ ಇಡ್ಲಿ, ಬೇಯಿಸಿದ ಮೊಟ್ಟೆ. ಬ್ಯಾಗಿಳಿಸಿದ ಕೂಡಲೇ ಏನಾದರೂ ಸಣ್ಣದು. ಮೂರು ತಿಂಗಳಿಗೊಮ್ಮೆ ತೂಕ, ಆರು ತಿಂಗಳಿಗೊಮ್ಮೆ ಎತ್ತರ, ಒಂದು ಪುಸ್ತಕದಲ್ಲಿ. ತೂಕ ನಿಂತರೆ ಅಥವಾ ಇಳಿದರೆ ಔಷಧಿಯನ್ನು ತಾವೇ ನಿಲ್ಲಿಸದೆ ಡಾಕ್ಟರಿಗೆ ತೋರಿಸಬೇಕು.

ಔಷಧಿ ಇಳಿದ ಮೇಲೆ ಅವನಿಗೆ ನಿಜವಾದ ಹಸಿವಾಗುತ್ತದೆ. ಮೊದಲೆಲ್ಲ ಮನೆಯವರ ಊಟವಾಗಿ ಪಾತ್ರೆ ತೊಳೆದಿಟ್ಟ ಮೇಲೆ "ಅಮ್ಮಾ, ಹಸಿವು" ಎಂದರೆ ಬೈಗುಳ ಬೀಳುತ್ತಿತ್ತು, ಆಗಲೇ ಯಾಕೆ ಸರಿಯಾಗಿ ತಿನ್ನಲಿಲ್ಲ ಎಂದು. ಈಗ ರಾತ್ರಿ ಒಂಬತ್ತಕ್ಕೆ ಅಕ್ಕ ಕಾವಲಿ ಇಟ್ಟುಕೊಂಡೇ ನಿಂತಿರುತ್ತಾಳೆ. ಮೊನ್ನೆ ನಾನಿದ್ದಾಗ ಮೂರು ದೋಸೆ ತಿಂದ. ನಾಲ್ಕನೆಯದಕ್ಕೆ ತಟ್ಟೆ ಹಿಡಿದು ಬಂದಾಗ, ಕಾಯಿಲೆಯೇ ಅಲ್ಲ ಎಂದಿದ್ದ ಅಜ್ಜಿ ಸುಮ್ನೆ ಎದ್ದು ಹೋಗಿ ಬೆಣ್ಣೆ ತಂದಿಟ್ಟರು.